ಬುಟ್ಟಿ ಹೊತ್ತ ಊರು: ಅಂಕೋಲೆಯ ಇತಿಹಾಸದಲ್ಲಿ ಹೆಣ್ಣುಮಕ್ಕಳು

ಕೊಂಕಣ ರೈಲಿನಲ್ಲಿ ಊರಿಗೆ ಹೋಗುವ ನಮ್ಮಲ್ಲಿ ಬಹಳ ಜನರಿಗೆ ಅಂಕೋಲೆ ಎಂದರೆ ಕಾರವಾರ ದಾಟಿದ ಮೇಲೆ ಬರುವ ಒಂದು ಸಣ್ಣ ನಿಲ್ದಾಣ. ರಸ್ತೆಯಲ್ಲಿ ಹೋಗುವವರಿಗೆ ಅದು ಹುಬ್ಬಳ್ಳಿಯಿಂದ ಘಟ್ಟ ಇಳಿದು ಬರುವ ಹೆದ್ದಾರಿ ಕರಾವಳಿಯ ಹೆದ್ದಾರಿಯನ್ನು ಕೂಡುವ ಜಾಗ. ಶಾಲೆಯ ಪಾಠ ನೆನಪಿರುವವರು ಉಪ್ಪಿನ ಸತ್ಯಾಗ್ರಹ ಎನ್ನುತ್ತಾರೆ. ಹಣ್ಣಿನ ರುಚಿ ಬಲ್ಲವರು ಇಶಾಡು ಮಾವು ಎನ್ನುತ್ತಾರೆ. ಇವೆಲ್ಲವೂ ನಿಜವೇ. ಆದರೆ ಈ ಊರಿನ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಒಂದು ವಿಷಯ ಮತ್ತೆ ಮತ್ತೆ ಕಾಣಿಸಿತು. ಇಲ್ಲಿನ ಉಪ್ಪು, ಮೀನು, ತರಕಾರಿ, ಹಣ್ಣು ಎಲ್ಲವೂ ಪೇಟೆಗೆ ಬಂದದ್ದು ಹೆಂಗಸರ ತಲೆಯ ಮೇಲಿನ ಬುಟ್ಟಿಯಲ್ಲಿ. ಚರಿತ್ರೆಯ ಪುಸ್ತಕಗಳಲ್ಲಿ ಮುಖಂಡರ ಹೆಸರುಗಳಿವೆ, ಇಸವಿಗಳಿವೆ. ಬುಟ್ಟಿ ಮಾತ್ರ ಇಲ್ಲ.

ನಮ್ಮ ಮಹಿಳಾ ವೇದಿಕೆಯ ಈ ಸಂಚಿಕೆಗೆ ಆ ಬುಟ್ಟಿಯ ಕಡೆಯಿಂದಲೇ ಅಂಕೋಲೆಯ ಕಥೆಯನ್ನು ಹೇಳುವ ಪ್ರಯತ್ನ ಮಾಡುತ್ತೇನೆ.

ರಾಣಿಯ ಬಂದರು

ಅಂಕೋಲೆಯ ಒಂದು ಕಡೆ ಬೇಲೇಕೇರಿ ಕೊಲ್ಲಿ, ಇನ್ನೊಂದು ಕಡೆ ಗಂಗಾವಳಿ ನದಿಯ ಅಳಿವೆ, ಬೆನ್ನಿಗೆ ಸಹ್ಯಾದ್ರಿ. ಘಟ್ಟದ ಮೇಲಿನ ಸರಕು ಸಮುದ್ರಕ್ಕೆ ಇಳಿಯಲು, ಸಮುದ್ರದ ಸರಕು ಘಟ್ಟ ಹತ್ತಲು ಇದು ಅನುಕೂಲದ ಜಾಗ.

ವಿಜಯನಗರ ಸಾಮ್ರಾಜ್ಯ 1565ರಲ್ಲಿ ಯುದ್ಧದಲ್ಲಿ ಸೋತಿತು. ಎರಡು ವರ್ಷಗಳ ನಂತರ, 1567ರಲ್ಲಿ, ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್ ಆ ಹಾಳು ರಾಜಧಾನಿಯನ್ನು ನೋಡಿಕೊಂಡು ಗೋವಾಕ್ಕೆ ಹೊರಟ. ದಾರಿಯಲ್ಲಿ ಅಂಕೋಲೆಗೆ ಬಂದ. ಆ ಊರು ಗೇರುಸೊಪ್ಪೆಯ ರಾಣಿಗೆ ಸೇರಿದ್ದು ಎಂದು ತನ್ನ ಪ್ರವಾಸ ಕಥನದಲ್ಲಿ ಬರೆದಿಟ್ಟ. ಗೇರುಸೊಪ್ಪೆಯನ್ನು ಆಗ ಆಳುತ್ತಿದ್ದವಳು ಚೆನ್ನಭೈರಾದೇವಿ. 1552ರಿಂದ 1606ರವರೆಗೆ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಆಳಿದ ಆಕೆಯನ್ನು ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಎಂದು ಕರೆಯುತ್ತಿದ್ದರು. ಘಟ್ಟದ ಮೆಣಸು ಯುರೋಪಿಗೆ ಹೋಗಬೇಕಾದರೆ ಅವಳ ರಾಜ್ಯವನ್ನು ದಾಟಿಯೇ ಹೋಗಬೇಕಿತ್ತು.

ಚೆನ್ನಭೈರಾದೇವಿಯ ನಂತರ ಈ ತೀರ ಹಲವು ಕೈ ಬದಲಾಯಿತು. ಟಿಪ್ಪು ಸುಲ್ತಾನನ ಪತನದ ನಂತರ 1799ರಲ್ಲಿ ಇಂಗ್ಲಿಷರಿಗೆ ಸಿಕ್ಕಿತು. ಅವರು ಮೊದಲು ಇಡೀ ಕೆನರಾವನ್ನು ಮದ್ರಾಸಿಗೆ ಸೇರಿಸಿದರು. ಆಮೇಲೆ 1862ರಲ್ಲಿ ಉತ್ತರ ಕೆನರಾವನ್ನು ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಹಾಕಿದರು. 1956ರಲ್ಲಿ ಕನ್ನಡ ನಾಡು ಒಂದಾಗುವವರೆಗೂ ಅಂಕೋಲೆಯವರಿಗೆ ಮುಂಬಯಿಯೇ ರಾಜಧಾನಿ. ಓದಲು, ದುಡಿಯಲು ಅಲ್ಲಿನ ಗಂಡಸರು ಮುಂಬಯಿಯ ದಾರಿ ಹಿಡಿದದ್ದಕ್ಕೆ ಇದೂ ಒಂದು ಕಾರಣ. ಗಂಡಸರು ಹೋದ ಮನೆಗಳಲ್ಲಿ ಗದ್ದೆ, ದನ, ಮಕ್ಕಳು, ಪೇಟೆಯ ಲೆಕ್ಕ ಎಲ್ಲವೂ ಹೆಂಗಸರ ಪಾಲಿಗೆ ಬಂದವು.

ಒಂದು ಹಿಡಿ ಉಪ್ಪು

ಗಾಂಧೀಜಿ 1930ರ ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪು ಎತ್ತಿದರು. ಕರ್ನಾಟಕದಲ್ಲಿ ಆ ಕೆಲಸಕ್ಕೆ ಆಯ್ಕೆಯಾದ ಊರು ಅಂಕೋಲೆ. ಏಪ್ರಿಲ್ 13, ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ದಿನ, ಇಲ್ಲಿ ಕಾಯಿದೆ ಮುರಿಯಲಾಯಿತು. ಮುಂದಾಳುಗಳಲ್ಲಿ ಎಂ. ಪಿ. ನಾಡಕರ್ಣಿಯವರ ಹೆಸರು ಪ್ರಮುಖವಾದದ್ದು. ಸಮುದ್ರದ ನೀರು ತಂದು, ಕಾಯಿಸಿ, ಉಪ್ಪು ಮಾಡಿ, ಜನರ ಎದುರಿಗೇ ಮಾರಿದರು. ಬಂಧನಗಳಾದವು. ಇಷ್ಟು ನಮಗೆಲ್ಲ ಗೊತ್ತು.

ಉಪ್ಪಿನ ಸಿಟ್ಟು ಇಲ್ಲೇ ಏಕೆ ಅಷ್ಟು ಜೋರಾಗಿ ಹೊತ್ತಿಕೊಂಡಿತು ಎಂಬುದನ್ನು ಅಡುಗೆಮನೆಯಿಂದ ನೋಡಿದರೆ ಬೇಗ ಅರ್ಥವಾಗುತ್ತದೆ. ಅಂಕೋಲೆಯಿಂದ ದಕ್ಷಿಣಕ್ಕೆ, ಗಂಗಾವಳಿ ದಾಟಿ ಗೋಕರ್ಣದ ಹತ್ತಿರ ಹೋದರೆ ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ. ಅಘನಾಶಿನಿಯ ಅಳಿವೆಯಲ್ಲಿ ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತಾ, ಬಿಸಿಲಿಗೆ ಇಂಗಿಸಿ, ಹರಳು ಕಟ್ಟಿದ ಮೇಲೆ ಹಲಗೆಯಿಂದ ಎಳೆದು ರಾಶಿ ಹಾಕುತ್ತಾರೆ. ಇಂದಿಗೂ ಅಲ್ಲಿ ಉಪ್ಪು ತಯಾರಾಗುತ್ತದೆ. ಬೇಸಿಗೆ ಮುಗಿಯುವುದರೊಳಗೆ ಎಲ್ಲವೂ ಆಗಬೇಕು, ಒಂದು ದೊಡ್ಡ ಮಳೆ ಬಂದರೆ ವಾರಗಳ ಕೆಲಸ ಕರಗಿಹೋಗುತ್ತದೆ. ಈ ತೀರದ ಆಗೇರ ಸಮುದಾಯಕ್ಕೆ ಆ ಹೆಸರು ಬಂದದ್ದೇ ಉಪ್ಪಿನ ಆಗರದಿಂದ ಎನ್ನುತ್ತಾರೆ. ಆಗರದಲ್ಲಿ ಬುಟ್ಟಿ ಹೊತ್ತವರಲ್ಲಿ ಹೆಂಗಸರು ಬಹಳ.

ಹೀಗೆ ಕಣ್ಣೆದುರಿಗೇ ಉಪ್ಪು ಬೆಳೆಯುವ ತೀರದಲ್ಲಿ, ಮನೆಯಂಗಳದಲ್ಲಿ ಸಮುದ್ರದ ನೀರು ಕಾಯಿಸಿದರೆ ಅಪರಾಧ. ತೆರಿಗೆ ಕೊಟ್ಟ ಉಪ್ಪನ್ನೇ ಕೊಳ್ಳಬೇಕು. ಉಳಿದ ಊರುಗಳಲ್ಲಿ ಉಪ್ಪು ಅಡುಗೆಗೆ ಬೇಕಾಗುವ ಒಂದು ಚಿಟಿಕೆ ಸಾಮಾನು. ಕರಾವಳಿಯ ಮೀನುಗಾರ ಹೆಂಗಸಿಗೆ ಅದು ಕಸುಬಿನ ಬಂಡವಾಳ. ಮಾರಿ ಉಳಿದ ಮೀನಿಗೆ ಉಪ್ಪು ಹಚ್ಚಿ ಒಣಗಿಸದಿದ್ದರೆ ಮರುದಿನ ಅದು ಗೊಬ್ಬರ. ಮಳೆಗಾಲದ ನಾಲ್ಕು ತಿಂಗಳು ಮನೆ ನಡೆಯುವುದೇ ಒಣಮೀನಿನ ಮೇಲೆ. ಹಾಗಾಗಿ ಉಪ್ಪಿನ ತೆರಿಗೆ ಇಲ್ಲಿ ಎರಡು ಸಲ ಬೀಳುತ್ತಿತ್ತು, ಒಮ್ಮೆ ಊಟಕ್ಕೆ, ಇನ್ನೊಮ್ಮೆ ದುಡಿಮೆಗೆ. ಸಭೆಯಲ್ಲಿ ಭಾಷಣ ಮಾಡಿದವರಿಗಿಂತ ಮೊದಲೇ ಈ ಲೆಕ್ಕ ಅವರಿಗೆ ಗೊತ್ತಿತ್ತು.

ಜಪ್ತಿಯ ವರ್ಷಗಳು

ಉಪ್ಪಿನ ಸತ್ಯಾಗ್ರಹದ ಬೆನ್ನಿಗೇ ಅಂಕೋಲೆ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ ಶುರುವಾಯಿತು. ಗುಜರಾತಿನ ಬಾರ್ಡೋಲಿಯಂತೆ ಇಲ್ಲಿನ ರೈತರೂ ಭೂಕಂದಾಯ ಕೊಡುವುದಿಲ್ಲ ಎಂದು ಕೂತರು. 1931ರ ಗಾಂಧಿ–ಇರ್ವಿನ್ ಒಪ್ಪಂದದಿಂದ ಸ್ವಲ್ಪ ಕಾಲ ನಿಂತ ಚಳವಳಿ 1932ರಲ್ಲಿ ಮತ್ತೆ ಎದ್ದಿತು. ಅಂಕೋಲೆಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಬಂದದ್ದು ಈ ಹೋರಾಟದಿಂದ. ಸೂರ್ವೆಯಂಥ ಹಳ್ಳಿಗಳ ಹೆಸರು ಇಂದಿಗೂ ಹಿರಿಯರ ಬಾಯಲ್ಲಿದೆ.

ಸರಕಾರ ಕೊಟ್ಟ ಉತ್ತರ ಜಪ್ತಿ. ಗದ್ದೆ ಜಪ್ತಿ, ದನ ಜಪ್ತಿ, ಭತ್ತ ಜಪ್ತಿ, ಕೊನೆಗೆ ಮನೆಯ ಪಾತ್ರೆಗಳೂ ಜಪ್ತಿ. ಗಂಡಸರು ಜೈಲಿಗೆ ಹೋದರು. ದಾಖಲೆಯಲ್ಲಿ ಗದ್ದೆ ಯಾರ ಹೆಸರಿನಲ್ಲಿತ್ತೋ ಅವರ ಹೆಸರು ಉಳಿಯಿತು, ಯಾರು ಎಷ್ಟು ತಿಂಗಳು ಸೆರೆವಾಸ ಅನುಭವಿಸಿದರೋ ಅದೂ ಉಳಿಯಿತು. ಅಂಕೋಲೆಯ ಸ್ವಾತಂತ್ರ್ಯ ಸಂಗ್ರಾಮ ಸ್ಮಾರಕ ಭವನ ಆ ನೆನಪಿಗಾಗಿಯೇ ಇದೆ. ಗದ್ದೆ ಹೋದ ಮನೆಯಲ್ಲಿ, ಪಾತ್ರೆ ಹೋದ ಅಡುಗೆಮನೆಯಲ್ಲಿ ಮಕ್ಕಳಿಗೆ ಗಂಜಿ ಕಾಯಿಸಿದವರಿಗೆ ಯಾವ ದಾಖಲೆಯಲ್ಲೂ ಕಾಲಂ ಇಲ್ಲ. ದಿನವಿಡೀ ಡೇಟಾ ಜೊತೆ ಕೆಲಸ ಮಾಡುವ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕಾಲಂ ಇಲ್ಲದ ಮಾಹಿತಿ ಕೆಲವು ವರ್ಷಗಳಲ್ಲಿ ಇರಲೇ ಇಲ್ಲ ಎನ್ನುವಂತಾಗುತ್ತದೆ.

ಒಂದು ಕಡೆ ಮಾತ್ರ ಹೆಂಗಸರು ದಾಖಲೆಯ ಒಳಗೆ ನುಗ್ಗಿ ಬಂದಿದ್ದಾರೆ. ಘಟ್ಟದ ಮೇಲಿನ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ, ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆಯೆದುರು ಹೆಂಗಸರು ಉಪವಾಸ ಕೂತರು. ದೊಡ್ಮನೆ ಮಹಾದೇವಿತಾಯಿಯಂಥವರು ಆ ಹೋರಾಟದಲ್ಲಿದ್ದರು. ಇದು ಸರಕಾರದ ವಿರುದ್ಧ ಮಾತ್ರ ನಡೆದ ಹೋರಾಟವಾಗಿರಲಿಲ್ಲ. ನೆರೆಯವನ ಗದ್ದೆಯನ್ನು ಅಗ್ಗಕ್ಕೆ ಕೊಂಡವನ ಮನಸ್ಸಾಕ್ಷಿಯ ಬಾಗಿಲು ತಟ್ಟಿದ ಹೋರಾಟ. ದಿನವೂ ಅದೇ ಬಾವಿ, ಅದೇ ದೇವಸ್ಥಾನ, ಅದೇ ಸಂತೆಯಲ್ಲಿ ಮುಖ ನೋಡಬೇಕಾದ ಹೆಂಗಸರಿಗೇ ಇಂಥ ದಾರಿ ಹೊಳೆಯಲು ಸಾಧ್ಯ ಎಂದು ನನಗೆ ಅನಿಸುತ್ತದೆ.

1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರಕಾರ ಬಂತು. ಮರುವರ್ಷ ಜಪ್ತಿಯಾದ ಜಮೀನುಗಳನ್ನು ಹಿಂದಿರುಗಿಸುವ ಕಾಯಿದೆಯಾಯಿತು. ಅಲ್ಲಿಯವರೆಗೆ ಐದಾರು ವರ್ಷ ಈ ಮನೆಗಳು ಗದ್ದೆಯಿಲ್ಲದೆ ಬದುಕಿದವು.

ಆದರೆ ಗದ್ದೆ ವಾಪಸು ಸಿಕ್ಕಿದ್ದು ಒಡೆಯರಿಗೆ. ಗೇಣಿಗೆ ಉಳುತ್ತಿದ್ದವರ ಪಾಡು ಹಾಗೆಯೇ ಇತ್ತು. ಆ ಪ್ರಶ್ನೆಯನ್ನು ಎತ್ತಿದವರು ಇದೇ ಅಂಕೋಲೆ ತಾಲೂಕಿನ ದಿನಕರ ದೇಸಾಯಿ. ನಮ್ಮಲ್ಲಿ ಅನೇಕರಿಗೆ ಅವರು ಚುಟುಕಗಳ ಕವಿ. ಮುಂಬಯಿಯಲ್ಲಿ ಹಡಗು ಕಾರ್ಮಿಕರ ಸಂಘಟನೆಯಲ್ಲಿ ದುಡಿದವರು, ಊರಿನಲ್ಲಿ ಗೇಣಿದಾರರನ್ನು ಒಗ್ಗೂಡಿಸಿದವರು. ಅದಕ್ಕಾಗಿ 1940ರಲ್ಲಿ ಜಿಲ್ಲೆಯಿಂದಲೇ ಗಡೀಪಾರಾಗಿ ಐದು ವರ್ಷ ಹೊರಗಿದ್ದವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಯ ಹಳ್ಳಿಗಳಿಗೆ ಹೈಸ್ಕೂಲು ತಂದರು. ಹತ್ತಿರದಲ್ಲೇ ಹೈಸ್ಕೂಲು ಬಂದಾಗ ಹೆಚ್ಚು ಲಾಭವಾದದ್ದು ಹೆಣ್ಣುಮಕ್ಕಳಿಗೆ. ದೂರದ ಊರಿನಲ್ಲಿಟ್ಟು ಓದಿಸುವಾಗ ಮನೆಯವರು ಕಳಿಸುತ್ತಿದ್ದದ್ದು ಹುಡುಗರನ್ನು ಮಾತ್ರ. ಆ ಶಾಲೆಗಳಲ್ಲಿ ಓದಿದ ತಾಯಂದಿರ ಮಕ್ಕಳು ನಮ್ಮ ಸಂಘದಲ್ಲೂ ಇದ್ದಾರೆ.

ಬುಟ್ಟಿಯಲ್ಲಿ ಒಂದು ವರ್ಷ

ಅಂಕೋಲೆಯ ಪೇಟೆಯ ವರ್ಷವನ್ನು ಕ್ಯಾಲೆಂಡರ್ ನೋಡದೆಯೂ ಹೇಳಬಹುದು, ಬುಟ್ಟಿಯೊಳಗೆ ಏನಿದೆ ಎಂದು ನೋಡಿದರೆ ಸಾಕು.

ಮಳೆ ಬಿಟ್ಟು ಭತ್ತದ ಕೊಯ್ಲು ಮುಗಿದ ಮೇಲೆ ಹಾಲಕ್ಕಿ ಒಕ್ಕಲಿಗರ ಗದ್ದೆಗಳು ತರಕಾರಿಯ ಪಾತಿಗಳಾಗುತ್ತವೆ. ಹರಿವೆ, ಬಸಳೆ, ಬದನೆ, ಮೊಗೆಕಾಯಿ, ಗೆಣಸು. ನಸುಕಿನಲ್ಲಿ ಕಿತ್ತು, ತೊಳೆದು, ಕಟ್ಟು ಕಟ್ಟಿ, ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಗೌಡ್ತಿಯರು ಪೇಟೆಗೆ ಬರುತ್ತಾರೆ. ಬೆಳೆದವರೇ ಮಾರುವವರು. ನಡುವೆ ದಲ್ಲಾಳಿ ಇಲ್ಲ. ನಾವು ಇಂದು 'ಫಾರ್ಮ್ ಟು ಟೇಬಲ್' ಎಂದು ದುಬಾರಿ ದುಡ್ಡು ಕೊಟ್ಟು ತರಿಸಿಕೊಳ್ಳುವ ವ್ಯವಸ್ಥೆ ಅಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಗೇಣಿದಾರರ ಹೋರಾಟ ಮತ್ತು 1974ರ ಭೂಸುಧಾರಣೆಯ ನಂತರ ಅನೇಕ ಕುಟುಂಬಗಳಿಗೆ ಉಳುವ ನೆಲ ಸ್ವಂತದ್ದಾಯಿತು, ಪಾತಿಯ ತರಕಾರಿಯ ದುಡ್ಡು ಮನೆಗೇ ಉಳಿಯುವಂತಾಯಿತು.

ಅದೇ ಹೊತ್ತಿಗೆ ದಡದಲ್ಲಿ ಬಂಗಡೆ, ತಾರ್ಲೆ, ಶೆಟ್ಲಿ. ಹರಿಕಂತ್ರ, ಖಾರ್ವಿ, ಅಂಬಿಗ, ಗಾಬಿತ ಸಮುದಾಯಗಳಲ್ಲಿ ಸಮುದ್ರಕ್ಕೆ ಹೋಗುವವರು ಗಂಡಸರು, ದಡಕ್ಕೆ ಬಂದ ಮೀನನ್ನು ದುಡ್ಡು ಮಾಡುವವರು ಹೆಂಗಸರು. ಬೆಳಿಗ್ಗೆ ಮೀನನ್ನು ಸಾಲದ ಮೇಲೆ ಎತ್ತಿಕೊಳ್ಳುವುದು, ಮಾರಿ, ಸಂಜೆ ಅಥವಾ ಮರುದಿನ ಸಾಲ ತೀರಿಸುವುದು. ಕೈಯಲ್ಲಿರುವ ಸರಕು ಗಂಟೆಗಂಟೆಗೂ ಬೆಲೆ ಕಳೆದುಕೊಳ್ಳುತ್ತದೆ. ಯಾವ ಓಣಿಗೆ ಮೊದಲು ಹೋಗಬೇಕು, ಯಾರ ಮನೆಯಲ್ಲಿ ಇಂದು ಸೋಮವಾರದ ಒಪ್ಪತ್ತು, ಎಷ್ಟು ಹೊತ್ತಿಗೆ ದರ ಇಳಿಸಬೇಕು ಎಂಬುದೆಲ್ಲ ತಲೆಯಲ್ಲೇ.

ನನ್ನ ಅಜ್ಜಿಯ ಮನೆಗೆ ಕಾಯಂ ಆಗಿ ಮೀನು ತರುವವರೊಬ್ಬರಿದ್ದರು. ಹಿತ್ತಿಲ ಬಾಗಿಲ ಪಕ್ಕದ ಗೋಡೆಯ ಮೇಲೆ ಮಸಿಯಿಂದ ಗೀಟು ಎಳೆದು ಲೆಕ್ಕ ಇಡುತ್ತಿದ್ದರು. ಒಂದು ಗೀಟು ಎಂದರೆ ಇಷ್ಟು ಬಂಗಡೆ. ಅಜ್ಜಿ ಕೊಡುವುದು ಕೆಲವೊಮ್ಮೆ ದುಡ್ಡು, ಕೆಲವೊಮ್ಮೆ ತೆಂಗಿನಕಾಯಿ, ಕುಚ್ಚಲಕ್ಕಿ. ಇಬ್ಬರೂ ಶಾಲೆಗೆ ಹೋದವರಲ್ಲ, ಆದರೂ ಗೋಡೆಯ ಲೆಕ್ಕದಲ್ಲಿ ಎಂದೂ ಜಗಳ ಬಂದದ್ದು ಮನೆಯವರಿಗೆ ನೆನಪಿಲ್ಲ. ವರ್ಷಕ್ಕೊಮ್ಮೆ ಗೋಡೆಗೆ ಸುಣ್ಣ ಬಳಿಯುವ ಮುನ್ನ ಬಾಕಿ ಚುಕ್ತಾ ಆಗುತ್ತಿತ್ತು.

ಬೇಸಿಗೆ ಬಂದರೆ ಬುಟ್ಟಿಯಲ್ಲಿ ಉಪ್ಪು, ಒಣಮೀನು, ಮೇ ಹೊತ್ತಿಗೆ ಇಶಾಡು. ಅಂಕೋಲೆಯ ಕರಿ ಇಶಾಡಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ತೆಳ್ಳನೆ ಸಿಪ್ಪೆ, ತುಂಬು ತಿರುಳು, ಜೇನಿನಂಥ ಸಿಹಿ. ಸಿಪ್ಪೆ ತೆಳು ಆದದ್ದರಿಂದಲೇ ದೂರ ಸಾಗಿಸುವುದು ಕಷ್ಟ, ಹಣ್ಣಾದ ಮೇಲೆ ಬಹಳ ದಿನ ಇಡಲೂ ಆಗದು. ರತ್ನಾಗಿರಿಯ ಹಾಪೂಸಿನಂತೆ ಅದು ಮುಂಬಯಿಯ ಪೇಟೆ ಹಿಡಿಯದೆ ಇರಲು ಇದೊಂದು ಮುಖ್ಯ ಕಾರಣ. ಬುಟ್ಟಿಯಲ್ಲಿ ಹೊತ್ತು ತಂದು ಅಂದೇ ಮಾರುವುದಕ್ಕೆ ಹೇಳಿ ಮಾಡಿಸಿದ ಹಣ್ಣದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಒಣಮೀನು, ಹೊಳೆಯ ಮೀನು, ಅಳಿವೆಯ ಕೆಸರಿನಲ್ಲಿ ಹೆಂಗಸರು ಹೆಕ್ಕಿ ತರುವ ಬಳಚು. ಹೀಗೆ ವರ್ಷ ಒಂದು ಸುತ್ತು ಬರುತ್ತದೆ.

ಹಾಡು ಮತ್ತು ಗಿಡ

ದುಡಿಮೆಯ ಈ ವರ್ಷಕ್ಕೆ ಹಬ್ಬದ ವರ್ಷವೂ ಹೆಣೆದುಕೊಂಡಿದೆ. ಹೋಳಿಯ ಹೊತ್ತಿಗೆ ಹಾಲಕ್ಕಿಗಳ ಸುಗ್ಗಿ ಕುಣಿತ ಕೇರಿಯಿಂದ ಕೇರಿಗೆ ಹೋಗುತ್ತದೆ. ವೈಶಾಖದಲ್ಲಿ ಶಾಂತಾದುರ್ಗೆಯ ಬಂಡಿಹಬ್ಬ. ಬಂಡಿಹಬ್ಬಕ್ಕೆ ಮುಂಬಯಿ, ಪುಣೆಯಿಂದ ರಜೆ ಹಾಕಿ ಬರುವವರನ್ನು ನೀವೂ ಬಲ್ಲಿರಿ. ಹಬ್ಬದ ಪೇಟೆಯಲ್ಲೂ ಹೂವು, ಹಣ್ಣು, ಕಾಯಿ ಮಾರುವ ಕೈಗಳು ಅವೇ.

ಈ ಹೆಂಗಸರಲ್ಲಿ ಇಬ್ಬರ ಹೆಸರು ದಿಲ್ಲಿಯವರೆಗೆ ಹೋಯಿತು. ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ ಸಾವಿರಾರು ಹಾಲಕ್ಕಿ ಹಾಡುಗಳು ಬಾಯಿಪಾಠವಾಗಿದ್ದವು. ನೆಟ್ಟಿ ನೆಡುವಾಗ, ಮದುವೆಯಲ್ಲಿ, ಸುಗ್ಗಿಯಲ್ಲಿ ಹೆಂಗಸರು ಹಾಡುತ್ತಾ ಬಂದ ಹಾಡುಗಳು. ಅವರು ಹಾಡಿ ಸುಮ್ಮನಾದವರಲ್ಲ. ಸಾರಾಯಿ ಮನೆಗಳನ್ನು ಹಾಳು ಮಾಡುವುದನ್ನು ಕಂಡು ಊರ ಹೆಂಗಸರನ್ನು ಕಟ್ಟಿಕೊಂಡು ಅದರ ವಿರುದ್ಧ ಹೋರಾಡಿದರು. 2017ರಲ್ಲಿ ಪದ್ಮಶ್ರೀ ಬಂತು. ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ಸಸಿತೋಟದಲ್ಲಿ ದಿನಗೂಲಿಯಾಗಿ ಸೇರಿದವರು. ಯಾವ ಮರದ ಬೀಜ ಒಳ್ಳೆಯ ಸಸಿಯಾಗುತ್ತದೆ, ಅದನ್ನು ಯಾವಾಗ ಆರಿಸಬೇಕು ಎಂಬುದನ್ನು ಅವರಷ್ಟು ಬಲ್ಲವರು ವಿರಳ. 2021ರ ನವೆಂಬರಿನಲ್ಲಿ ಅವರು ಬರಿಗಾಲಿನಲ್ಲಿ, ತಮ್ಮ ಎಂದಿನ ಉಡುಗೆಯಲ್ಲೇ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ.

ತುಳಸಿ ಅಜ್ಜಿ 2024ರ ಡಿಸೆಂಬರ್ 16ರಂದು ತೀರಿಕೊಂಡರು. ಸುಕ್ರಜ್ಜಿ 2025ರ ಫೆಬ್ರವರಿ 13ರಂದು. ಎರಡು ತಿಂಗಳೊಳಗೆ ಒಂದೇ ತಾಲೂಕು ಎರಡು ದೊಡ್ಡ ಜ್ಞಾನಭಂಡಾರಗಳನ್ನು ಕಳೆದುಕೊಂಡಿತು. ಸುಕ್ರಜ್ಜಿಯ ಹಾಡುಗಳನ್ನು ಆಕಾಶವಾಣಿಯವರು, ಜಾನಪದ ವಿದ್ವಾಂಸರು ಧ್ವನಿಮುದ್ರಿಸಿಕೊಂಡಿದ್ದರಿಂದ ಒಂದು ಭಾಗವಾದರೂ ನಮಗೆ ಉಳಿದಿದೆ.

ಬದಲಾಗುತ್ತಿರುವ ದಂಡೆ

ಅಂಕೋಲೆಯ ತೀರ ಈಗ ನಿಧಾನಕ್ಕೆ ಬೇರೆಯದೇ ಆಗುತ್ತಿದೆ. ಹಿಂದೆ ರಂಪಣಿ ಬಲೆಯನ್ನು ಹತ್ತಾರು ಜನ ದಡಕ್ಕೆ ಎಳೆಯುತ್ತಿದ್ದರು, ಎಳೆದವರಿಗೆಲ್ಲ ಪಾಲು ಇತ್ತು. ಎಪ್ಪತ್ತರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಸೊರಗಿತು. ಮೀನು ಮನೆಯೆದುರಿನ ದಡದ ಬದಲು ದೂರದ ಬಂದರಿನಲ್ಲಿ ಇಳಿಯತೊಡಗಿತು. ಅಲ್ಲಿ ಹರಾಜು ಕೂಗುವವರು ದೊಡ್ಡ ವ್ಯಾಪಾರಿಗಳು. ಬುಟ್ಟಿಯವಳು ಅವರ ಹಿಂದೆ ನಿಂತು ಉಳಿದದ್ದನ್ನು ಕೊಳ್ಳಬೇಕಾಯಿತು.

1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದಡ ಬಿಟ್ಟು ಎದ್ದವು. ದೇಶದ ರಕ್ಷಣೆಗೆ ಬೇಕಾದದ್ದು, ಸರಿ. ಆದರೆ ಪರಿಹಾರದ ಲೆಕ್ಕ ನೆಲಕ್ಕೆ ಮತ್ತು ಮನೆಗೆ. ದಡದಿಂದ ಕೇರಿಗೆ ನಡೆದು ಹೋಗುವ ದಾರಿ, ಇಪ್ಪತ್ತು ವರ್ಷದ ಗಿರಾಕಿಗಳು, ಗೋಡೆಯ ಮೇಲಿನ ಗೀಟುಗಳ ನಂಬಿಕೆ ಕಳೆದುಹೋದರೆ ಅದಕ್ಕೆ ದರ ಕಟ್ಟುವವರಿಲ್ಲ.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ದಾಟಿ ಗಂಗಾವಳಿಗೆ ಬಿತ್ತು. ರಸ್ತೆಬದಿಯಲ್ಲಿದ್ದವರು ಮಣ್ಣಿನಡಿ ಹೋದರು. ಉಕ್ಕಿದ ನೀರು ಆಚೆ ದಂಡೆಯ ಉಳುವರೆಯ ಮನೆಗಳನ್ನೂ ಕೆಡವಿತು. ಈಗ ಕೇಣಿಯ ಕಡಲತೀರದಲ್ಲಿ ದೊಡ್ಡ ಸರಕು ಬಂದರು ಕಟ್ಟುವ ಯೋಜನೆಯಿದೆ. 2025ರಲ್ಲಿ ಅದರ ವಿರುದ್ಧ ಮೀನುಗಾರರು ಬೀದಿಗಿಳಿದಾಗ ಹೆಂಗಸರೂ ಜೊತೆಗಿದ್ದರು. ಬಂದರು ಬಂದರೆ ನಮ್ಮ ಮಕ್ಕಳು ಕೆಲಸಕ್ಕಾಗಿ ಮುಂಬಯಿ, ಗೋವಾಕ್ಕೆ ಹೋಗಬೇಕಾಗಿಲ್ಲ ಎನ್ನುವವರೂ ಊರಿನಲ್ಲಿದ್ದಾರೆ. ಕೆಲಸಕ್ಕಾಗಿಯೇ ಊರು ಬಿಟ್ಟು ಬಂದ ನಮಗೆ ಆ ಮಾತನ್ನು ತಳ್ಳಿಹಾಕುವ ಹಕ್ಕಿಲ್ಲ. ನಾವು ಕೇಳಬಹುದಾದದ್ದು ಒಂದೇ: ಸಿಗುವ ಕೆಲಸಗಳನ್ನು ಎಣಿಸುವಾಗ ಈಗಾಗಲೇ ಇರುವ ಕೆಲಸಗಳನ್ನೂ ಎಣಿಸಿದ್ದಾರೆಯೇ? ಬುಟ್ಟಿಯವಳಿಗೆ ಸಂಬಳದ ಚೀಟಿ ಇಲ್ಲ, ಅಂಗಡಿಯ ಲೈಸೆನ್ಸ್ ಇಲ್ಲ. ಅವಳ ದುಡಿಮೆ ಲೆಕ್ಕದಲ್ಲಿ ಇಲ್ಲದಿದ್ದರೆ ಅದು ಹೋದದ್ದೂ ಲೆಕ್ಕಕ್ಕೆ ಬರುವುದಿಲ್ಲ.

ನಾವು ಮಾಡಬಹುದಾದ ಕೆಲಸ

ಕರನಿರಾಕರಣೆಯ ದಿನಗಳಲ್ಲಿ ಮನೆ ನಡೆಸಿದ ಹೆಂಗಸರು ಇಂದು ನಮ್ಮೊಂದಿಗಿಲ್ಲ. ಅವರ ಸೊಸೆಯಂದಿರು, ಹೆಣ್ಣುಮಕ್ಕಳು ಎಂಬತ್ತು, ತೊಂಬತ್ತರ ವಯಸ್ಸಿನಲ್ಲಿದ್ದಾರೆ. ಅತ್ತೆಯ ಬಾಯಿಂದ ಕೇಳಿದ್ದು ಅವರಿಗೆ ನೆನಪಿದೆ. ಅವರಲ್ಲಿ ಕೆಲವರು ನಮ್ಮ ನಿಮ್ಮ ಮನೆಯ ಬಾಲ್ಕನಿಯಲ್ಲೇ, ಮಗನ ಅಥವಾ ಮಗಳ ಮನೆಯೆಂದು ಬಂದು ಕೂತಿದ್ದಾರೆ.

ಅಂಕೋಲೆಯೇ ಆಗಬೇಕೆಂದಿಲ್ಲ. ಕುಮಟೆ, ಹೊನ್ನಾವರ, ಭಟ್ಕಳ, ಕುಂದಾಪುರ, ಮಲ್ಪೆ, ಉಳ್ಳಾಲ, ನಿಮ್ಮದು ಯಾವ ಊರಾದರೂ ಸರಿ. ಮುಂದಿನ ರಜೆಯಲ್ಲಿ ಫೋನಿನ ರೆಕಾರ್ಡರ್ ಒತ್ತಿ ಅಜ್ಜಿಯ ಪಕ್ಕ ಅರ್ಧ ಗಂಟೆ ಕೂರಿ. ಸ್ವಾತಂತ್ರ್ಯ ಹೋರಾಟದ ಬಗ್ಗೆ ಹೇಳು ಎಂದರೆ ಅವರು ಅಜ್ಜನ ಕಥೆ ಹೇಳುತ್ತಾರೆ. ಅದರ ಬದಲು ಹೀಗೆ ಕೇಳಿ: ಮನೆಗೆ ಮೀನು ತರುತ್ತಿದ್ದವರ ಹೆಸರೇನು, ಅವರು ಎಷ್ಟು ದೂರ ನಡೆದು ಬರುತ್ತಿದ್ದರು? ಮಳೆಗಾಲಕ್ಕೆ ಎಷ್ಟು ಉಪ್ಪು ತೆಗೆದಿಡುತ್ತಿದ್ದಿರಿ? ಸಂತೆಯ ದುಡ್ಡು ಯಾರ ಕೈಯಲ್ಲಿರುತ್ತಿತ್ತು? ಗದ್ದೆ ಜಪ್ತಿಯಾದ ವರ್ಷ ಒಲೆ ಹೇಗೆ ಉರಿಯಿತು?

ಉತ್ತರಗಳನ್ನು ಬರೆದಿಟ್ಟುಕೊಳ್ಳಿ, ವೇದಿಕೆಗೂ ಕಳಿಸಿ. ಸುಣ್ಣ ಬಳಿಯುವ ಮೊದಲು ಗೋಡೆಯ ಮೇಲಿನ ಗೀಟುಗಳನ್ನು ಎಣಿಸಿಟ್ಟುಕೊಳ್ಳುವಂಥ ಕೆಲಸ ಇದು, ಅಷ್ಟೇ.